ಕುಮ್ಮಟದುರ್ಗದಲ್ಲಿ ಒಂದು ಹಗಲು

ತುಂಗಭದ್ರೆಯ ದಕ್ಷಿಣ ದಡಕ್ಕೆ ಹೋಗುವವರಿಗೆ ಲೆಕ್ಕವಿಲ್ಲ. ಹಂಪಿಯ ಕಲ್ಲಿನ ರಥವನ್ನೂ ಕಮಲಮಹಲನ್ನೂ ನೋಡಿ, ಸೂರ್ಯಾಸ್ತಕ್ಕೆ ಮಾತಂಗ ಪರ್ವತವನ್ನೇರಿ, ಮರುದಿನ ಊರಿಗೆ ಮರಳುವವರು ಅವರು. ಸ್ವಲ್ಪ ಹುರುಪಿದ್ದವರು ನದಿ ದಾಟಿ ಆನೆಗೊಂದಿಗೆ ಬರುತ್ತಾರೆ, ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿಗೆ ಅವರ ಉತ್ತರ ದಿಕ್ಕು ಮುಗಿಯುತ್ತದೆ. ಆದರೆ ಹಂಪಿಯು ಬರಿಯ ಬಂಡೆಗಾಡಾಗಿದ್ದಾಗಲೇ ಅರಸರ ಬೀಡಾಗಿ, ಹಂಪಿಯ ಹುಟ್ಟಿಗೆ ಮೊದಲೇ ಬೂದಿಯಾದ ಒಂದು ದುರ್ಗವು ಗಂಗಾವತಿ ತಾಲ್ಲೂಕಿನ ಗುಡ್ಡಗಳ ನಡುವೆ ಇದೆ. ಅದೇ ಕುಮ್ಮಟದುರ್ಗ. ಕಂಪಿಲರಾಯನ ಕೋಟೆ, ಗಂಡುಗಲಿ ಕುಮಾರರಾಮನ ಕೋಟೆ. ರತ್ನಾಜಿಯ ಕೋಟೆಯೆಂದು ಮಾತ್ರ ಅದನ್ನು ಯಾರೂ ಕರೆಯುವುದಿಲ್ಲ.

ನಾವು ಕೊಪ್ಪಳದಿಂದ ಹೊರಟೆವು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯ ಮುಖ್ಯಪಟ್ಟಣವಾದ ಈ ಊರು ನಿಜಾಮನ ಕಾಲದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಯಲಬುರ್ಗಿಯೂ ಅದರೊಂದಿಗೆ ಸೇರಿತ್ತು. ಪ್ರಾಚೀನರಿಗೆ ಇದು ಕೊಪಣ, ಜೈನರ ಮಹಾತೀರ್ಥ. ಸಿರಿವಂತರೂ ಸಾಮಂತರೂ ಇಲ್ಲಿ ಬಸದಿಗಳನ್ನು ಕಟ್ಟಿಸಿ ತಮ್ಮ ಹೆಸರನ್ನು ಕಲ್ಲಿನಲ್ಲಿ ಉಳಿಸಲು ಹವಣಿಸಿದರು. ಗವಿಮಠದ ಬೆಟ್ಟದ ಮೇಲೆಯೂ, ಎದುರಿನ ಪಾಲ್ಕಿಗುಂಡಿನ ನೆತ್ತಿಯಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ೧೯೩೧ರಲ್ಲಿ ಅವು ಬೆಳಕಿಗೆ ಬಂದವು. ಪಾಲ್ಕಿಗುಂಡೆಂದರೆ ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಮೇಲುಛಾವಣಿಯಂತೆ ಕುಳಿತ ಒಂದು ಚಪ್ಪಟೆಗಲ್ಲು. ಆ ನೆರಳಿನಲ್ಲಿ ನಿಂತಾಗ ಅಶೋಕನ ಮನೆಯ ಒಂದು ಕಥೆ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಕುಮ್ಮಟಕ್ಕೂ ನಂಟಿದೆ.

ಗಂಗಾವತಿಯ ಕಡೆಗೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ಕುಷ್ಟಗಿ, ಯಲಬುರ್ಗಿಗಳಲ್ಲಿ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಕಡಲೆಯ ಹೊಲಗಳನ್ನು ಕಂಡು ಬಂದ ಕಣ್ಣಿಗೆ ಇಲ್ಲಿಯ ಹಸುರು ಒಂದು ಅಚ್ಚರಿ. ೧೯೫೩ರಲ್ಲಿ ತುಂಗಭದ್ರಾ ಜಲಾಶಯ ತುಂಬಿ, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ತಾಲ್ಲೂಕು ಭತ್ತದ ಕಣಜವಾಯಿತು. ಗದ್ದೆಗಳ ನಡುವೆ ಕರಿಯ, ಕಂದು ಬಂಡೆಗಳ ಗುಡ್ಡಗಳು. ಯಾರೋ ದೈತ್ಯ ಮಕ್ಕಳು ಆಟವಾಡಿ ಬಿಟ್ಟುಹೋದ ಕಲ್ಲುಗಳಂತೆ ಒಂದರ ಮೇಲೊಂದು. ಇಂಥದೊಂದು ಗುಡ್ಡದ ತಪ್ಪಲಲ್ಲಿ ಹೇಮಗುಡ್ಡವಿದೆ. ಅಲ್ಲಿಯೂ ಒಂದು ಕೋಟೆ, ದುರ್ಗಾಪರಮೇಶ್ವರಿಯ ಗುಡಿ, ನವರಾತ್ರಿಯಲ್ಲಿ ಆನೆಯ ಮೇಲೆ ದೇವಿಯ ಮೆರವಣಿಗೆ. ಕಂಪಿಲನ ಮನೆತನದ ನೆನಪು ಆ ಕೋಟೆಗೂ ಅಂಟಿಕೊಂಡಿದೆ.

ಕುಮ್ಮಟಕ್ಕೆ ಹೋಗಬೇಕಾದರೆ ಜಬ್ಬಲಗುಡ್ಡದ ಸುತ್ತಿನ ಹಾದಿ ಹಿಡಿಯಬೇಕು. ನಮ್ಮೊಡನೆ ದಾರಿ ತೋರಿಸಲು ಒಬ್ಬ ಕುರಿಗಾಹಿ ಮುದುಕ ಬಂದ. ಹೆಗಲಮೇಲೆ ಕಂಬಳಿ, ಕೈಯಲ್ಲಿ ಕೊಡಲಿ ಕಟ್ಟಿದ ಗಳು. "ಹೊತ್ತೇರೂದರಾಗ ಏರಿಬಿಡೂಣ್ರೀ ಸಾಹೇಬ್ರ, ಆಮ್ಯಾಲ ಕಲ್ಲು ಕಾದ್ರ ಕಾಲಿಡಾಕ ಆಗೂದಿಲ್ಲ" ಎಂದು ಅವಸರಪಡಿಸಿದ. ಸೀತಾಫಲದ ಪೊದೆಗಳು, ಜಾಲಿ, ಕಾರೆಮುಳ್ಳು. ಎಡಗಡೆಯ ಕಂದರದಲ್ಲಿ ಕರಡಿಗಳಿವೆಯೆಂದು ಅವನು ಹೇಳಿದ ಮೇಲೆ ನಮ್ಮ ನಡಿಗೆಯ ವೇಗ ತಾನಾಗಿ ಹೆಚ್ಚಿತು. ಗುಡ್ಡದಿಂದ ಗುಡ್ಡಕ್ಕೆ ಹಾಯ್ದ ಗೋಡೆಗಳಿವೆ. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆಗಳು, ಹಲವೆಡೆ ಕುಸಿದಿವೆ. ನಿಸರ್ಗವೇ ಅರ್ಧ ಕೋಟೆಯನ್ನು ಕಟ್ಟಿಕೊಟ್ಟಿತ್ತು. ಬಂಡೆಗಳ ನಡುವಿನ ಸಂದುಗಳನ್ನು ಮುಚ್ಚುವುದಷ್ಟೇ ಮನುಷ್ಯನ ಕೆಲಸವಾಗಿತ್ತು. ಒಳಗೆ ಕಟ್ಟಡಗಳ ಅಡಿಪಾಯಗಳು, ಗುಡಿಗಳು. ಚಿತ್ರದುರ್ಗದ ಕಡೆಯ ಜಟ್ಟಂಗಿ ರಾಮೇಶ್ವರನ ವರದಿಂದ ಹುಟ್ಟಿದ ಕೂಸೆಂದೇ ಕುಮಾರನಿಗೆ ರಾಮನಾಥನೆಂಬ ಹೆಸರು ಬಂದುದು. ಆ ದೇವರ ಹೆಸರಿನ ಗುಡಿಯೂ ಇಲ್ಲಿದೆ. ಅರಮನೆಯೆಂದು ಬೆರಳು ಮಾಡಿ ತೋರಿಸಬಹುದಾದ ಗೋಡೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಕುಮ್ಮಟದ ಅರಸುಮನೆತನ ಬಹಳ ಹಳೆಯದಲ್ಲ. ದೇವಗಿರಿಯ ಸೇವುಣರ ಕೈಕೆಳಗೆ ಮುಮ್ಮಡಿ ಸಿಂಗನೆಂಬ ನಾಯಕನು ಈ ಸೀಮೆಯಲ್ಲಿ ತಲೆಯೆತ್ತಿದ. ದೇವಗಿರಿ ದಿಲ್ಲಿಯ ಹೊಡೆತಕ್ಕೆ ಬಿದ್ದಾಗ ಅವನ ಮಗ ಕಂಪಿಲನು ಯಾರಿಗೂ ತಲೆಬಾಗದೆ ಸ್ವತಂತ್ರನಾದ. ಸುತ್ತಲೂ ಹಳೆಯ ದೊಡ್ಡ ಮನೆತನಗಳು: ದಕ್ಷಿಣದಲ್ಲಿ ದೋರಸಮುದ್ರದ ಬಲ್ಲಾಳ, ಪೂರ್ವದಲ್ಲಿ ಓರುಗಲ್ಲಿನ ಪ್ರತಾಪರುದ್ರ. ಅವರ ನಡುವೆ ನಿನ್ನೆ ಮೊನ್ನೆಯ ಈ ಅರಸನಿಗೆ ಹೆಸರೇ ಎಲ್ಲಕ್ಕಿಂತ ದೊಡ್ಡ ಆಸ್ತಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ.

ಆ ಕಾಲದ ಸಾಮಂತರ ಶಾಸನಗಳನ್ನು ಓದಿದವರಿಗೆ ಬಿರುದುಗಳ ಮಾಲೆ ಹೊಸದಲ್ಲ. ಯಲಬುರ್ಗಿಯಿಂದ ಆಳಿದ ಸಿಂದರು, ಅವರಿಗೆ ಹಿಂದಿನವರು, ಮುಂದಿನವರು, ಎಲ್ಲರಿಗೂ ಸಾಲುಸಾಲಾಗಿ ಬಿರುದುಗಳು. ಯಲಬುರ್ಗಿಯ ಸೀಮೆಯ ಇಟಗಿಯಲ್ಲಿ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿಗೂ "ದೇವಾಲಯ ಚಕ್ರವರ್ತಿ"ಯೆಂಬ ಬಿರುದು ಸಿಕ್ಕಿತು. ಕಲ್ಲಿಗೂ ಬಿರುದಿಲ್ಲದೆ ನಡೆಯದ ಕಾಲ! ಇಂಥ ಬಿರುದುಗಳಲ್ಲೊಂದು "ಪರನಾರೀ ಸಹೋದರ", ಅನ್ಯರ ಹೆಣ್ಣುಮಕ್ಕಳಿಗೆ ಒಡಹುಟ್ಟಿದವನು. ಎಷ್ಟೋ ಅರಸರು ಅದನ್ನು ಧರಿಸಿದರು, ಕಲ್ಲಿನಲ್ಲಿ ಬರೆಸಿದರು, ಅಂತಃಪುರಗಳನ್ನು ತುಂಬಿಸಿಕೊಂಡು ನೆಮ್ಮದಿಯಿಂದ ಬಾಳಿದರು. ಆ ಮಾತನ್ನು ಅಕ್ಷರಶಃ ನಂಬಿ ಅದಕ್ಕಾಗಿ ತಲೆ ಒಡ್ಡಿದವನೆಂದು ಜನ ನೆನೆಯುವುದು ಕುಮಾರರಾಮನೊಬ್ಬನನ್ನೇ.

ಕಥೆಯನ್ನು ಮೊದಲು ಬಲ್ಲವರೂ ಇನ್ನೊಮ್ಮೆ ಕೇಳಬಹುದು. ೧೬ನೆಯ ಶತಮಾನದಲ್ಲಿ ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಅವನ ಬಳಿಕ ಗಂಗ, ಮಹಾಲಿಂಗಸ್ವಾಮಿ ಮೊದಲಾದವರು ತಂತಮ್ಮ ಪಾಠಗಳನ್ನು ಕಟ್ಟಿದರು. ಕಂಪಿಲರಾಯನಿಗೆ ಪಟ್ಟದರಾಣಿ ಹರಿಯಲದೇವಿಯಲ್ಲಿ ಹುಟ್ಟಿದ ಮಗ ರಾಮ. ಓರುಗಲ್ಲಿನಿಂದ ಬೊಲ್ಲನೆಂಬ ಕುದುರೆಯನ್ನು ತಂದ ಸಾಹಸಿ. ಕಂಪಿಲನಿಗೆ ಇಳಿವಯಸ್ಸಿನಲ್ಲಿ ಕಿರಿಯ ರಾಣಿಯೊಬ್ಬಳು ಬಂದಳು. ಅವಳೇ ರತ್ನಾಜಿ. ಕೆಲವು ಪಾಠಗಳಲ್ಲಿ ಅವಳನ್ನು ಮೊದಲು ನೋಡಿದ್ದು ಮಗನಿಗಾಗಿ. ತಂದೆಯ ಕಣ್ಣು ಬಿದ್ದುದರಿಂದ ಆ ಕನ್ಯೆ ಮಗನ ತಾಯಿಯಾಗಿ ಅರಮನೆಯನ್ನು ಹೊಕ್ಕಳು. ಈ ಒಂದು ಎಳೆಯನ್ನು ಓದುಗರು ದಯವಿಟ್ಟು ಕೈಬಿಡಬಾರದು.

ಒಂದು ದಿನ ರಾಮನು ಗೆಳೆಯರೊಡನೆ ಚೆಂಡಾಡುತ್ತಿದ್ದ. ಚೆಂಡು ಪುಟಿದು ಹೋಗಿ ರತ್ನಾಜಿಯ ಅರಮನೆಯ ಅಂಗಳದಲ್ಲಿ ಬಿತ್ತು. ಆಳುಗಳು ಹೋಗಿ ಕೇಳಿದರೆ ಅವಳು ಕೊಡಲಿಲ್ಲ. ಗೆಳೆಯ ಕಾಟಣ್ಣ ಬೇಡವೆಂದರೂ ರಾಮ ತಾನೇ ಹೋದ. ತಾಯಿಯ ಮನೆಗೆ ಮಗ ಹೋಗಲು ಅಂಜಿಕೆಯೇನೆಂಬುದು ಅವನ ವಾದ. ಅವಳು ತನ್ನ ಮನಸ್ಸನ್ನು ಬಿಚ್ಚಿಟ್ಟಳು. ಅವನು ತಾಯಿಯೆಂದು ಕರೆದು ಹಿಂದೆಗೆದ. ಅವಳು ಅಂಗಲಾಚಿದಳು, ಸೆರಗೊಡ್ಡಿದಳು, ಕೊನೆಗೆ ಬೆದರಿಸಿದಳು. ಅವನು ಕೈ ಕೊಡವಿ ಹೊರಬಿದ್ದ. ಸಂಜೆ ಅರಸ ಬಂದಾಗ ರತ್ನಾಜಿ ಹರಿದ ಉಡುಗೆಯಲ್ಲಿ, ತಾನೇ ಮಾಡಿಕೊಂಡ ಉಗುರಿನ ಗಾಯಗಳೊಡನೆ, ಮುಸುಕೆಳೆದು ಮಲಗಿದ್ದಳು. ಕಂಪಿಲರಾಯ ಮಗನನ್ನು ಕರೆಸಿ ಒಂದು ಮಾತು ಕೇಳಲಿಲ್ಲ. ಮಂತ್ರಿ ಬೈಚಪ್ಪನಿಗೆ ರಾಮನ ತಲೆ ತರುವಂತೆ ಅಪ್ಪಣೆಯಾಯಿತು.

ಬೈಚಪ್ಪನು ವಿವೇಕಿ. ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು, ಬೇರೊಂದು ತಲೆಯನ್ನು ಅರಸನಿಗೆ ಒಪ್ಪಿಸಿದ. ರಾಮ ಸತ್ತನೆಂಬ ಸುದ್ದಿ ದಿಲ್ಲಿಯವರೆಗೂ ಹೋಯಿತು. ಇನ್ನು ಕುಮ್ಮಟ ಸುಲಭದ ತುತ್ತೆಂದು ಸುಲ್ತಾನನ ದಂಡು ಮುತ್ತಿದಾಗ ಕಂಪಿಲ ಮಗನನ್ನು ನೆನೆದು ಅತ್ತ. ಆಗ ಬೈಚಪ್ಪ ನೆಲಮನೆಯ ಬಾಗಿಲು ತೆರೆದ. ರಾಮ ಹೊರಬಂದು ದಂಡನ್ನು ಬಡಿದಟ್ಟಿದ. ರತ್ನಾಜಿ ಉರುಳು ಹಾಕಿಕೊಂಡು ಸತ್ತಳು. ಮುಂದೆ ಸುಲ್ತಾನ ಮಾತಂಗಿಯೆಂಬ ಹೆಂಗಸಿನ ನಾಯಕತ್ವದಲ್ಲಿ ಇನ್ನೊಂದು ದಂಡನ್ನು ಕಳುಹಿಸಿದ. ಹೆಣ್ಣಿನ ಮೇಲೆ ಕೈಯೆತ್ತಲಾರದ ರಾಮ ಆ ಯುದ್ಧದಲ್ಲಿ ಮಡಿದ. ಅವನ ತಲೆ ನಿಜವಾಗಿ ದಿಲ್ಲಿಗೆ ಹೋಯಿತು.

ಇದು ಕಾವ್ಯ. ಕುಮ್ಮಟದ ಬಂಡೆಯ ಮೇಲೆ ಕುಳಿತು ಇದನ್ನು ನೆನೆದಾಗ ನನಗೆ ಕಾಡಿದ ಪ್ರಶ್ನೆ ರಾಮನದಲ್ಲ, ಕಂಪಿಲನದು. ಅರಮನೆಯಲ್ಲಿ ಅಂದು ನಡೆದ ಅಪರಾಧಗಳಲ್ಲಿ ಮೊದಲನೆಯದು ಯಾರದು? ಮಗನಿಗೆ ತಕ್ಕ ಪ್ರಾಯದ ಕನ್ಯೆಯನ್ನು ತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ ಅರಸನದೇ ಅಲ್ಲವೆ? ಕವಿಗಳು ಅದನ್ನು ಹೇಳಿದರು, ಹೇಳಿ ಬೇಗನೆ ದಾಟಿದರು. ರತ್ನಾಜಿಯ ಕಾಮವನ್ನು ಬಣ್ಣಿಸಲು ಎಷ್ಟೋ ಪದ್ಯಗಳು ಬೇಕಾದವು. ಅರಸನ ಕಾಮಕ್ಕೆ ಮದುವೆಯೆಂಬ ಒಂದೇ ಮಾತು ಸಾಕಾಯಿತು. ಅವಳು ಸುಳ್ಳು ಹೇಳಿದಳು, ಅದೂ ಕೊಲ್ಲುವ ಸುಳ್ಳು. ಅದನ್ನು ನಾನು ಮುಚ್ಚಿಹಾಕುವುದಿಲ್ಲ. ಆದರೆ ಅಂತಃಪುರದಲ್ಲಿ ಒಬ್ಬ ಹೆಣ್ಣಿನ ಬಾಯಿಂದ ಬಂದ ನಿಜಕ್ಕೆ ಬೆಲೆಯಿರಲಿಲ್ಲವೆಂದೂ ಅವಳ ಮೈಮೇಲಿನ ಗಾಯಕ್ಕೆ ಮಾತ್ರ ಬೆಲೆಯಿತ್ತೆಂದೂ ಅವಳಿಗೆ ತಿಳಿದಿತ್ತು. ಗಾಯವೆಂದರೆ ಅರಸನ ಮಾನಕ್ಕೆ ಬಿದ್ದ ಪೆಟ್ಟು. ಕಂಪಿಲ ಸಿಟ್ಟಾದದ್ದು ಹೆಂಡತಿಯ ನೋವಿಗಲ್ಲ, ತನ್ನ ಹೆಸರಿಗೆ.

ಪಾಲ್ಕಿಗುಂಡಿನಲ್ಲಿ ನೆನಪಾದ ಕಥೆಯನ್ನು ಈಗ ಹೇಳಬಹುದು. ಅಶೋಕನ ಮುಪ್ಪಿನಲ್ಲಿ ಬಂದ ರಾಣಿ ತಿಷ್ಯರಕ್ಷಿತೆ ಅವನ ಮಗ ಕುಣಾಲನ ಚೆಲುವಾದ ಕಣ್ಣುಗಳನ್ನು ಮೋಹಿಸಿದಳಂತೆ. ಅವನು ಒಪ್ಪದಿರಲು ಆ ಕಣ್ಣುಗಳನ್ನೇ ಕೀಳಿಸಿದಳಂತೆ. ಬೌದ್ಧರ ದಿವ್ಯಾವದಾನದ ಕಥೆ ಅದು. ನಮ್ಮ ನಾಟಕ ಕಂಪನಿಗಳು ಹಳ್ಳಿಹಳ್ಳಿಗೆ ಒಯ್ದ ಸಾರಂಗಧರನ ಕಥೆಯೂ ಇದೇ. ರಾಜಮಹೇಂದ್ರವರದ ಆ ಅರಮನೆಯಲ್ಲಿ ಚೆಂಡಿನ ಬದಲು ಪಾರಿವಾಳ ಹಾರಿಹೋಗಿ ಚಿತ್ರಾಂಗಿಯ ಅಂಗಳದಲ್ಲಿ ಕೂರುತ್ತದೆ. ಗ್ರೀಕರ ಫೀಡ್ರಾ ಮತ್ತು ಹಿಪ್ಪೊಲಿಟಸ್, ಯೂಸುಫ್ ಮತ್ತು ಜುಲೇಖಾ, ಎಲ್ಲಿ ನೋಡಿದರೂ ಒಬ್ಬ ಸಚ್ಚರಿತನಾದ ತರುಣ, ಒಬ್ಬ ಕೆಟ್ಟ ಹೆಂಗಸು, ವಿಚಾರಿಸದೆ ತೀರ್ಪು ಕೊಡುವ ಹಿರಿಯ. ಮುದಿ ಅರಸರು ಎಳೆಯ ಹೆಂಡಿರನ್ನು ತರುವ ವಾಡಿಕೆ ಎಲ್ಲ ನಾಡುಗಳಲ್ಲಿ ಇದ್ದುದರಿಂದ ಕಥೆಯೂ ಎಲ್ಲ ನಾಡುಗಳಲ್ಲಿ ಹುಟ್ಟಿತೋ ಏನೋ. ಜುಲೇಖಾಳಿಗೆ ಪಾರಸಿಯ ಕವಿಗಳು ಕೊನೆಗೆ ಕ್ಷಮೆಯನ್ನೂ ಪ್ರೇಮವನ್ನೂ ದಯಪಾಲಿಸಿದರು. ರತ್ನಾಜಿಗೆ ಅಂಥ ಕವಿ ಇನ್ನೂ ಸಿಕ್ಕಿಲ್ಲ.

ಇನ್ನು ಚರಿತ್ರೆ. ಕುಮ್ಮಟ ಬಿದ್ದದ್ದು ಹೆಣ್ಣಿನಿಂದಲ್ಲ. ಅದರ ಕಾರಣ ಬೇರೆ. ನನ್ನ ಮಟ್ಟಿಗೆ ಅದು ಕಾವ್ಯಕ್ಕಿಂತ ದೊಡ್ಡದು. ೧೩೨೬ರ ಹೊತ್ತಿಗೆ ಸಗರದ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗುರ್ಷಾಸ್ಪನೆಂಬವನು ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದ. ಅವನು ಸುಲ್ತಾನನಿಗೆ ಸೋದರತ್ತೆಯ ಮಗ. ಸಗರವೆಂದರೆ ಇಂದಿನ ಯಾದಗಿರಿ ಜಿಲ್ಲೆಯ ಊರು. ಸೋತು ಓಡಿಬಂದ ಅವನಿಗೆ ಆಶ್ರಯ ಕೊಟ್ಟವನು ಕಂಪಿಲರಾಯ. ಜಾತಿಯಲ್ಲ, ಮತವಲ್ಲ, ನಂಟನಲ್ಲ. ಬಾಗಿಲಿಗೆ ಬಂದವನು, ಅಷ್ಟೇ. ದಿಲ್ಲಿಯ ದಂಡು ಮತ್ತೆ ಮತ್ತೆ ಬಂತು. ಕುಮ್ಮಟದ ಹೆಸರು ಇಸಾಮಿಯೆಂಬ ಪಾರಸಿ ಕವಿಯ ಚರಿತ್ರೆಯಲ್ಲಿ ದಾಖಲಾಗಿದೆ. ಕೆಲವೇ ವರ್ಷಗಳ ಬಳಿಕ, ೧೩೩೪ರ ಹೊತ್ತಿಗೆ, ದಿಲ್ಲಿಗೆ ಬಂದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಕಂಪಿಲನ ಕೊನೆಯನ್ನು ಕೇಳಿ ಬರೆದಿಟ್ಟಿದ್ದಾನೆ. ಅನ್ನ ಮುಗಿದಾಗ ಕಂಪಿಲನು ಅತಿಥಿಯನ್ನು ಕರೆದು, ತಾನು ಮನೆಮಂದಿಯೊಡನೆ ಸಾಯಲು ನಿಶ್ಚಯಿಸಿರುವುದಾಗಿಯೂ, ನೀನು ಇಂಥ ಅರಸನ ಬಳಿಗೆ ಹೋಗಿ ಬದುಕಿಕೊಳ್ಳೆಂದೂ ಹೇಳಿ, ಬೆಂಗಾವಲು ಕೊಟ್ಟು ಕಳುಹಿಸಿದ. ಬಳಿಕ ದೊಡ್ಡ ಬೆಂಕಿ ಮಾಡಿಸಿದ. ರಾಣಿಯರು, ಹೆಣ್ಣುಮಕ್ಕಳು ಮಿಂದು, ಗಂಧ ಪೂಸಿಕೊಂಡು, ಅವನೆದುರು ನೆಲಮುಟ್ಟಿ ನಮಸ್ಕರಿಸಿ ಬೆಂಕಿಗೆ ಹಾರಿದರು. ಮಂತ್ರಿಗಳ, ನಾಯಕರ ಹೆಂಡಿರೂ ಹಾಗೆಯೇ ಮಾಡಿದರು. ಗಂಡಸರು ಹೊರಗೆ ಹೋಗಿ ಕಾದಿ ಸತ್ತರು. ಇದು ೧೩೨೭ರ ಸುಮಾರಿನ ಮಾತು.

ಅತಿಥಿ ಸೇರಿದ್ದು ದೋರಸಮುದ್ರದ ಮುಮ್ಮಡಿ ಬಲ್ಲಾಳನ ಬಳಿಗೆ. ಹಳೆಯ ದೊಡ್ಡ ಮನೆತನದ ಬಲ್ಲಾಳ ಅವನನ್ನು ಕಟ್ಟಿ ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ಅವನ ತೊಗಲು ಸುಲಿಸಿದ. ಬಲ್ಲಾಳನ ರಾಜ್ಯ ಇನ್ನೂ ಕೆಲಕಾಲ ಉಳಿಯಿತು. ರಾಜನೀತಿಯ ತಕ್ಕಡಿಯಲ್ಲಿ ಅವನೇ ಜಾಣ. ಆದರೆ ಈ ಬಂಡೆಗಳ ನಡುವೆ ಕುಳಿತವನಿಗೆ ತಕ್ಕಡಿ ಬೇರೆಯಾಗಿ ತೂಗುತ್ತದೆ. ಹಾಗೆಂದು ಕಂಪಿಲನ ಅಭಿಮಾನವನ್ನು ಬರಿಯ ಹೊಗಳಿಕೆಯಿಂದ ಮುಗಿಸಲಾರೆ. ಒಬ್ಬ ಅತಿಥಿಯ ಪ್ರಾಣಕ್ಕೆ ಎಷ್ಟು ಹೆಂಗಸರು ಉರಿದರು! ಅವರನ್ನು ಯಾರಾದರೂ ಕೇಳಿದರೆ? ಅರಸನ ಮಾತು ಉಳಿಯಿತು. ಬೆಲೆ ತೆತ್ತವರು ಬೇರೆ. ರತ್ನಾಜಿಯೆಂಬವಳು ನಿಜವಾಗಿ ಇದ್ದಿದ್ದರೆ, ನೇಣಿನಲ್ಲಲ್ಲ, ಆ ಬೆಂಕಿಯಲ್ಲೇ ಗಂಧ ಪೂಸಿಕೊಂಡು ಬಿದ್ದವರಲ್ಲಿ ಅವಳೂ ಒಬ್ಬಳಾಗಿರಬೇಕು. ಯಾತ್ರಿಕನ ಬರಹದಲ್ಲಿ ಅವಳ ಹೆಸರೇ ಇಲ್ಲ.

ಅವನು ಬರೆದ ಇನ್ನೊಂದು ಸಂಗತಿ ನಮ್ಮ ಕವಿಗಳ ಕಿವಿಗೆ ಬಿದ್ದಂತಿಲ್ಲ. ಕಂಪಿಲನ ಹನ್ನೊಂದು ಮಂದಿ ಗಂಡುಮಕ್ಕಳು ಸೆರೆಸಿಕ್ಕಿ ದಿಲ್ಲಿಗೆ ಹೋದರು, ಮುಸಲ್ಮಾನರಾದರು. ಅವರ ತಂದೆಯ ನಡತೆಯನ್ನೂ ಕುಲವನ್ನೂ ಮೆಚ್ಚಿ ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿ ಗೌರವದಿಂದ ಇಟ್ಟುಕೊಂಡ. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಣ್ಣಾರೆ ಕಂಡ. ಒಬ್ಬನಂತೂ ಸುಲ್ತಾನನು ಕುಡಿಯುವ ನೀರಿಗೆ ಮುದ್ರೆಯೊತ್ತುವ ಅಧಿಕಾರಿ, ಯಾತ್ರಿಕನ ಗೆಳೆಯ. ಹೆಸರು ಅಬೂ ಮುಸ್ಲಿಂ. ತಂದೆಯ ಮನೆಗೆ ಬೆಂಕಿಯಿಡಿಸಿದವನು ಕುಡಿಯುವ ನೀರಿಗೆ ವಿಷ ಬೀಳದಂತೆ ಕಾಯುವ ಕೆಲಸ! ಆ ಮಗನ ಮನಸ್ಸಿನಲ್ಲಿ ಏನಿತ್ತೆಂದು ಬರೆದರೆ ಒಂದು ದೊಡ್ಡ ಕಾದಂಬರಿಯಾದೀತು.

ನಂಜುಂಡ ಕವಿ ಹಾಡಿದ್ದು ಕುಮ್ಮಟ ಉರಿದ ಎರಡು ಶತಮಾನಗಳ ಮೇಲೆ. ಅಷ್ಟರಲ್ಲಿ ೧೩೩೬ರಲ್ಲಿ ಹರಿಹರ ಬುಕ್ಕರು ನದಿಯಾಚೆ ವಿಜಯನಗರವನ್ನು ಕಟ್ಟಿದ್ದರು. ಅದು ತನ್ನ ವೈಭವದ ತುದಿಯಲ್ಲಿತ್ತು. ಸೋತುಹೋದ ಮನೆತನದ ನೆನಪು ಜನರಲ್ಲಿ ಉಳಿದಿತ್ತು, ಹಾವೇರಿಯ ಬಳಿಯ ಸಂಗೂರಿನ ಶಾಸನದಂಥ ಕಲ್ಲುಗಳಲ್ಲೂ ಉಳಿದಿತ್ತು. ಆದರೆ ಆಶ್ರಯದ ಕಥೆ ಹಿಂದೆ ಸರಿದು, ಅಂತಃಪುರದ ಕಥೆ ಮುಂದೆ ಬಂದಿತ್ತು. ಯಾಕೆ? ಸೋಲಿಗೆ ಮನೆಯೊಳಗೊಬ್ಬ ಅಪರಾಧಿ ಸಿಕ್ಕರೆ ಅಭಿಮಾನ ಉಳಿಯುತ್ತದೆ. ದಿಲ್ಲಿಯ ಬಲದೆದುರು ಸೋತೆವೆನ್ನುವುದಕ್ಕಿಂತ, ಕೆಟ್ಟ ಹೆಂಗಸೊಬ್ಬಳು ಮನೆ ಮುರಿದಳೆನ್ನುವುದು ಸುಲಭ. ವೀರನ ಕೊನೆಯ ಸೋಲಿಗೂ ಮಾತಂಗಿಯೆಂಬ ಹೆಣ್ಣೇ ಬೇಕಾದಳು. ಮತ್ತೆ, ಪರನಾರೀ ಸಹೋದರನೆಂಬ ಬಿರುದು ಹೊಳೆಯಬೇಕಾದರೆ ಅದನ್ನು ಒರೆಹಚ್ಚಲು ಒಬ್ಬ ಪರನಾರಿ ಬೇಡವೆ? ರಾಮನ ಕೀರ್ತಿಗೆ ಒರೆಗಲ್ಲಾಗಿ ನಿಂತವಳು ರತ್ನಾಜಿ. ಚಿನ್ನವನ್ನು ಜನ ಮನೆಗೆ ಒಯ್ದರು. ಕಲ್ಲಿನ ಮೇಲೆ ಗೀರು ಉಳಿಯಿತು.

ರಾಮನಿಗೆ ಸಂದ ಪೂಜೆ ಕಡಿಮೆಯದಲ್ಲ. ಮಲೆನಾಡಿನ ಹಲವು ಊರುಗಳಲ್ಲಿ ಅವನ ಮರದ ಮುಖವನ್ನು ಇಟ್ಟು ಪೂಜಿಸುತ್ತಾರೆ. ದಿಲ್ಲಿಗೆ ಹೋದ ತಲೆಯನ್ನು ಜನ ಹೀಗೆ ಮರಳಿ ಪಡೆದರೆಂದು ನನಗೆ ತೋರುತ್ತದೆ. ಕುರುಬರೂ ಬೇಡರೂ ಅವನು ತಮ್ಮವನೆನ್ನುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರ ಮರವನ್ನು ಕೊರೆದು ಬಣ್ಣ ಹಚ್ಚಿ ದೇವರುಗಳನ್ನೂ ಪ್ರಾಣಿಗಳನ್ನೂ ಮಾಡುವ ಚಿತ್ರಗಾರರ ಮನೆಗಳಿವೆ. ಅಲ್ಲಿ ನಾನು ಅರಸರನ್ನು, ರಾಣಿಯರನ್ನು ಕಂಡೆ. ಯಾರ ಕೆಳಗೂ ಹೆಸರಿರಲಿಲ್ಲ.

ಇಳಿಯುವಾಗ ನಮ್ಮ ಕುರಿಗಾಹಿ ಒಂದು ಬಂಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ. ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ. ಅವನ ಹೆಂಡತಿಯೂ ಕೆಳಗಿನಿಂದ ನೀರಿನ ಕೊಡ ಹೊತ್ತು ಬಂದಿದ್ದಳು. ನಾನು ರತ್ನಾಜಿಯ ಮಾತು ತೆಗೆದೆ. ಮುದುಕ ಮುಖ ಸಿಂಡರಿಸಿದ. "ಆಕಿ ಸುದ್ದಿ ಯಾಕ್ರೀ ಉಣ್ಣೂ ಹೊತ್ತಿನ್ಯಾಗ? ಮಗನಂಥಾವ್ನ ಮ್ಯಾಲೆ ಕಣ್ಣು ಹಾಕಿದಾಕಿ. ದುರ್ಗ ಹಾಳಾಗಿದ್ದು ಆಕಿ ದೆಸಿಯಿಂದಾನ."

ಮುದುಕಿ ಅವನ ಕೈಗೆ ಇನ್ನೊಂದು ರೊಟ್ಟಿ ಕೊಟ್ಟು ನನ್ನ ಕಡೆ ತಿರುಗಿದಳು. "ಯಪ್ಪಾ, ಆಕೀನ ಕೊಡೂ ಮುಂದ ಆಕೀಗಿ ಯಾರರ ಕೇಳಿದ್ರೇನು?"

ಮುದುಕ ಉತ್ತರ ಕೊಡದೆ ಚಟ್ನಿಯಲ್ಲಿ ಎಣ್ಣೆ ಕಲಸಿಕೊಳ್ಳತೊಡಗಿದ. ದೂರದಲ್ಲಿ ಕಾಲುವೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಗಂಗಾವತಿಯ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅವಳು ನಮಗೂ ರೊಟ್ಟಿ ಮುರಿದು ಕೊಟ್ಟಳು.